ಮ್ಯಾನೇಜರ ಬಲಕ್ಕೊಂದು ಖಾಲಿ ಚೌಕ

ಗುರುತಿನ ಗುಮಾಸ್ತರು ಗೋಡೆಗೆ ಅಂಟಿಸಿದ್ದ ಹೊಸ ಸಿಬ್ಬಂದಿ ನಕ್ಷೆಯಲ್ಲಿ ತಮ್ಮನ್ನು ತಾವು ಮೂರು ಸಲ ಹುಡುಕಿದರು. ಮೊದಲ ಸಲ ಕನ್ನಡಕ ಹಾಕಿಕೊಂಡು, ಎರಡನೆಯ ಸಲ ಅದನ್ನು ಒರೆಸಿ ಹಾಕಿಕೊಂಡು, ಮೂರನೆಯ ಸಲ ತೆಗೆದು ಜೇಬಿಗಿಳಿಸಿ ಮೂಗನ್ನು ಗೋಡೆಗೆ ತಾಗಿಸಿಕೊಂಡು. ಮೂರು ಸಲವೂ ಅವರು ಸಿಗಲಿಲ್ಲ.

ಉಳಿದವರೆಲ್ಲ ಸಿಕ್ಕಿದರು. ನೆತ್ತಿಯಲ್ಲಿ ಒಂದು ಚೌಕ, ಅದರೊಳಗೆ ಮ್ಯಾನೇಜರು. ಅಲ್ಲಿಂದ ಇಳಿದ ಗೆರೆಗಳಿಗೆ ಒಗೆಯುವ ವಿಭಾಗ, ಒಣಗಿಸುವ ವಿಭಾಗ, ಇಸ್ತ್ರಿ, ಸಾಗಣೆ. ಅವುಗಳ ಕೆಳಗೆ ಒಬ್ಬೊಬ್ಬರಿಗೂ ಒಂದೊಂದು ಚೌಕ. ಗೇಟು ತೆಗೆಯುವ, ಹಾಕುವ ವಾಚ್‌ಮನ್ನನಿಗೆ ಒಂದು. ಡ್ರೈವರನಿಗೆ ಒಂದು, ಅವನು ಓಡಿಸುವ ವ್ಯಾನಿಗೆ ಬೇರೆ ಒಂದು. ಹದಿನೇಳು ವರ್ಷದಿಂದ ಅಲ್ಲೇ ಕೂತು ಸೊಂಟ ಬಾಗಿಸಿಕೊಂಡಿದ್ದ ಗುಮಾಸ್ತರಿಗೆ ಮಾತ್ರ ಬೆರಳೂರುವಷ್ಟು ಜಾಗವೂ ಇರಲಿಲ್ಲ.

ಅದೊಂದು ದೊಡ್ಡ ಲಾಂಡ್ರಿ. ಊರಿನ ಆಸ್ಪತ್ರೆ, ಹೋಟೆಲು, ಹಾಸ್ಟೆಲುಗಳ ಚಾದರ, ದಿಂಬಿನ ಚೀಲ, ಸಮವಸ್ತ್ರಗಳೆಲ್ಲ ಅಲ್ಲಿಗೆ ಬಂದು ಮೈ ತೊಳೆಸಿಕೊಂಡು ಹೋಗುತ್ತಿದ್ದವು. ಪ್ರತಿ ಬಟ್ಟೆಯ ಮೂಲೆಯಲ್ಲಿ ಪುಟ್ಟದೊಂದು ಚೌಕ, ಚೌಕದೊಳಗೆ ಮಾಲೀಕರ ಗುರುತು. ಗುರುತು ಮಾಸಿದರೆ ಬಟ್ಟೆ ಅನಾಥ. ಅನಾಥ ಬಟ್ಟೆಗಳೆಲ್ಲ ಇಸ್ತ್ರಿ ಹಾಲಿನ ಹಿಂದಿನ ಕಿರುಕೋಣೆಗೆ ಬರುತ್ತಿದ್ದವು. ಅಲ್ಲಿ ನಮ್ಮ ಗುಮಾಸ್ತರು ಬಟ್ಟೆಯನ್ನು ಬಲ್ಬಿಗೆ ಎತ್ತಿ ಹಿಡಿದು, ಅಂಚು ಸವರಿ, ಕೆಲವೊಮ್ಮೆ ಮೂಸಿಯೂ ನೋಡಿ, “ಇದು ಕಣ್ಣಾಸ್ಪತ್ರೆಯದು, ಇದು ಸೇತುವೆ ಪಕ್ಕದ ಹೋಟೆಲಿನದು” ಎಂದು ತೀರ್ಪು ಕೊಟ್ಟು, ಹತ್ತು ಸಲ ಕುದಿಸಿದರೂ ಹೋಗದ ಶಾಯಿಯಲ್ಲಿ ಹೊಸ ಚೌಕ ಬರೆಯುತ್ತಿದ್ದರು. ಖಾತ್ರಿಯಿದ್ದರೆ ಗಟ್ಟಿ ಗೆರೆ. ಅನುಮಾನವಿದ್ದರೆ ಚೌಕದ ಪಕ್ಕ ಚುಕ್ಕೆ ಚುಕ್ಕೆಯ ಗೆರೆ. ಇದು ಆ ಲಾಂಡ್ರಿಯ ಪದ್ಧತಿ.

ಇಂಥವರು ನಕ್ಷೆಯಿಂದ ತಪ್ಪಿಹೋದದ್ದಕ್ಕೂ ಕಾರಣವಿತ್ತು. ನಕ್ಷೆ ತಯಾರಿಸಲು ಬಂದ ಸಲಹೆಗಾರ ಕಟ್ಟಡದ ಹಳೆಯ ಪ್ಲಾನು ಹಿಡಿದು ಕೋಣೆ ಕೋಣೆ ಸುತ್ತಿದ್ದ. ಪ್ಲಾನಿನಲ್ಲಿ ಆ ಕಿರುಕೋಣೆ ‘ಪೊರಕೆ ಇಡುವ ಜಾಗ’ ಎಂದಿತ್ತು. ಆದರೂ ಕರ್ತವ್ಯನಿಷ್ಠ ಮನುಷ್ಯ, ಬಾಗಿಲು ತೆಗೆದು ಇಣುಕಿದ. ಆ ಗಳಿಗೆಯಲ್ಲಿ ಗುಮಾಸ್ತರು ಡಬಲ್ ಚಾದರವೊಂದನ್ನು ಬಲ್ಬಿನೆದುರು ಹರಡಿ ಹಿಡಿದು ಅದರ ಹಿಂದೆ ನಿಂತಿದ್ದರು. ಸಲಹೆಗಾರನಿಗೆ ಚಾದರ ಮಾತ್ರ ಕಂಡಿತು. ಚಾದರವನ್ನು ಯಾರೂ ಸಂದರ್ಶಿಸುವುದಿಲ್ಲವಲ್ಲ, ಬಾಗಿಲು ಹಾಕಿಕೊಂಡು ಹೋದ.

ಬೇರೆ ಕಾಲದಲ್ಲಾದರೆ ಇದು ನಕ್ಕು ಮರೆಯುವ ವಿಷಯ. ಆದರೆ ಹಿಂದಿನ ವಾರವಷ್ಟೇ ಹೊಸ ಮ್ಯಾನೇಜರು ಎಲ್ಲರನ್ನೂ ಮಡಿಸುವ ಮೇಜಿನ ಸುತ್ತ ಸೇರಿಸಿ ಭಾಷಣ ಮಾಡಿದ್ದರು.

“ಬದಲಾವಣೆ ಅಂದ್ರೆ ಹೆದರಬೇಡಿ. ನಮ್ಮ ಸೇವೆ ಚುರುಕಾಗಬೇಕು, ಅಷ್ಟೇ. ಒಂದನೇ ತಾರೀಕು ಕೇಂದ್ರ ಕಚೇರಿಯಿಂದ ಒಂದು ಕಾಗದ ಬರುತ್ತೆ. ಪ್ರತಿ ಶಾಖೆಯಲ್ಲೂ ಒಂದು ಹುದ್ದೆ, ಒಂದೇ ಒಂದು, ತೆಗೀತಾರೆ. ಇದರಲ್ಲಿ ಹೆದರೋದೇನೂ ಇಲ್ಲ.”

‘ಹೆದರಬೇಡಿ’ ಎನ್ನುವಾಗ ಅವರ ಕೈಯಲ್ಲಿದ್ದ ಹಾಳೆ ಪಟಪಟನೆ ಅಲುಗುತ್ತಿತ್ತು. ಅಲ್ಲಿಯವರೆಗೆ ಹೆದರದೇ ಇದ್ದವರೂ ಅದನ್ನು ನೋಡಿ ಹೆದರಿದರು. ಒಂದು ವಾರ ಲಾಂಡ್ರಿಯಲ್ಲಿ ಇಪ್ಪತ್ನಾಲ್ಕು ಜನರೂ ಸಮನಾಗಿ ನಡುಗಿದರು. ನಕ್ಷೆ ಗೋಡೆಗೆ ಬಂದ ದಿನ ಇಪ್ಪತ್ಮೂರು ಜನರ ನಡುಕ ನಿಂತು, ಅಷ್ಟೂ ನಡುಕ ಗುಮಾಸ್ತರೊಬ್ಬರ ಪಾಲಿಗೆ ಬಂತು.

“ಬೇಜಾರು ಮಾಡ್ಕೋಬೇಡಿ ಗುಮಾಸ್ತರೇ,” ಎಂದ ವ್ಯಾನ್ ಡ್ರೈವರ್, ಬಾಗಿಲಿಗೊರಗಿ. “ಯಾರಾದ್ರೂ ಒಬ್ರು ಹೋಗ್ಲೇಬೇಕಿತ್ತು.”

“ಇನ್ನೂ ಕಾಗದ ಬಂದಿಲ್ಲವಲ್ಲಪ್ಪ.”

“ಬರುತ್ತೆ ಬಿಡಿ, ಎಲ್ಲಿ ಹೋಗುತ್ತೆ? ಅಂದ ಹಾಗೆ ಆ ಟೇಬಲ್ ಫ್ಯಾನು... ಮನೆಗೆ ಒಯ್ತೀರೋ, ಇಲ್ಲೇ ಬಿಡ್ತೀರೋ?”

ಇಸ್ತ್ರಿ ವಿಭಾಗದ ಮುಖ್ಯಸ್ಥೆಯನ್ನು ಎಲ್ಲರೂ ಇಸ್ತ್ರಿಯಕ್ಕ ಎನ್ನುತ್ತಿದ್ದರು. ಆಕೆ ಬಂದು ಡ್ರೈವರನ ಬೆನ್ನಿಗೊಂದು ಗುದ್ದಿದಳು. “ಥೂ ನಿನ್ನ! ಮನುಷ್ಯ ಇನ್ನೂ ಉಸಿರಾಡ್ತಾ ಕೂತಿದ್ದಾನೆ, ಆಗಲೇ ಫ್ಯಾನ್ ಕೇಳ್ತೀಯಾ? ಅಣ್ಣಾ, ಇವನ ಮಾತು ಮನಸ್ಸಿಗೆ ಹಚ್ಕೋಬೇಡಿ. ಫ್ಯಾನು ಬೇಕಾದ್ರೆ ಅವನು ಒಯ್ಯಲಿ. ಆ ಕುರ್ಚಿ ಮಾತ್ರ ನನಗಿರಲಿ. ನಿಂತು ನಿಂತು ಕಾಲು ಊದಿ ಕಂಬ ಆಗಿದೆ.”

ಡ್ರೈವರ್ ಆ ಸಂಜೆಯೇ ಫ್ಯಾನು ಬಿಚ್ಚಿಕೊಂಡು ಹೋದ. ಹೇಗೂ ಹೋಗುವ ಮನುಷ್ಯರಿಗೆ ಗಾಳಿ ಯಾಕೆಂದು ಅವನ ಲೆಕ್ಕ.

ಮನೆಯಲ್ಲಿ ಹೆಂಡತಿ ಎಲ್ಲ ಕೇಳಿಸಿಕೊಂಡು, “ಇದಕ್ಕೆ ಇಷ್ಟೊಂದು ಒದ್ದಾಟ ಯಾಕ್ರೀ?” ಎಂದಳು. “ಹೋಗಿ ಕೇಳಿ. ಸ್ವಾಮಿ, ನಾನೊಬ್ಬ ಇದ್ದೀನಿ, ಬಿಟ್ಟುಹೋಗಿದೆ ಅಂತ.”

“ಕೇಳಿದ್ರೆ ಅವರಿಗೆ ಗೊತ್ತಾಗ್ಬಿಡುತ್ತಲ್ಲೇ.”

“ಏನು ಗೊತ್ತಾಗುತ್ತೆ?”

“ನಾನೊಬ್ಬ ಇದ್ದೀನಿ ಅಂತ.”

ಹೆಂಡತಿ ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟು ಗಂಡನನ್ನು ಒಂದು ನಿಮಿಷ ನೋಡಿದಳು. ಮದುವೆಯಾದಂದಿನಿಂದ ಆಗಾಗ ಹೀಗೆ ನೋಡುವುದು ಅವಳಿಗೆ ಅಭ್ಯಾಸವಾಗಿತ್ತು. ಆಮೇಲೆ ತನ್ನ ತಮ್ಮನನ್ನು ಕರೆಸಿದಳು.

ಆತ ವಿಮೆ ಏಜೆಂಟ್. ಯಾರ ಮನೆಯಲ್ಲಿ ಭಯವಿದೆಯೋ ಅಲ್ಲಿ ಕೂತು ಅದನ್ನು ಇನ್ನಷ್ಟು ಬೆಳೆಸಿ ಎದ್ದು ಬರುವುದೇ ವೃತ್ತಿ. “ಭಾವ, ಈ ವಯಸ್ಸಿನಲ್ಲಿ ಬೇರೆ ಕೆಲಸ ಅಂದ್ರೆ... ನಿಮಗೆ ಬರೋ ವಿದ್ಯೆ ಏನು ಹೇಳಿ?”

“ಬಟ್ಟೆ ನೋಡಿ ಯಾರದು ಅಂತ ಹೇಳ್ತೀನಿ.”

“ಹೇಗೆ?”

“ಅಂಚು ನೋಡಿ, ನೂಲು ನೋಡಿ... ಒಂದೊಂದು ಸಲ ಮೂಸಿ.”

“ಅದು ಪೊಲೀಸ್ ನಾಯಿ ಮಾಡೋ ಕೆಲಸ, ಭಾವ!”

ಗುಮಾಸ್ತರು ಅಂದು ಊಟಕ್ಕೆ ಏಳಲಿಲ್ಲ.

ಮರುದಿನ ಮಧ್ಯಾಹ್ನ, ಎಲ್ಲರೂ ಡಬ್ಬಿ ಹಿಡಿದು ಅಂಗಳಕ್ಕೆ ಹೋಗಿದ್ದಾಗ, ಅವರು ಬೆಕ್ಕಿನ ಹೆಜ್ಜೆಯಲ್ಲಿ ನಕ್ಷೆಯ ಬಳಿ ಬಂದರು. ದುರುದ್ದೇಶವೇನೂ ಇರಲಿಲ್ಲ ಎಂಬುದನ್ನು ಇಲ್ಲಿ ಸ್ಪಷ್ಟವಾಗಿ ಹೇಳಬೇಕು. ಕಾಳಿನಷ್ಟು ದೊಡ್ಡ ಒಂದು ಚೌಕ, ಅದೂ ಎಲ್ಲರಿಗಿಂತ ಕೆಳಗೆ, ಮೂಲೆಯಲ್ಲಿ, ಯಾರ ಕಣ್ಣಿಗೂ ಬೀಳದಂತೆ. ಇಷ್ಟೇ ಅವರ ಆಸೆ. ಆದರೆ ಕೆಳಗೆ ಜಾಗವೇ ಇರಲಿಲ್ಲ. ಇಸ್ತ್ರಿಯವರ ಹನ್ನೊಂದು ಚೌಕಗಳು ಒಂದಕ್ಕೊಂದು ಮೈ ತಾಗಿಸಿಕೊಂಡು ಕೂತಿದ್ದವು. ಅದರ ಕೆಳಗೆ ಕಾಗದ ಮುಗಿದು ಗೋಡೆ. ಎಡಕ್ಕೆ ಬಾಯ್ಲರ್, ಬಲಕ್ಕೆ ವ್ಯಾನು. ಇಡೀ ಹಾಳೆಯಲ್ಲಿ ಬೆಳ್ಳಗೆ ಉಳಿದಿದ್ದದ್ದು ಒಂದೇ ಕಡೆ: ನೆತ್ತಿಯಲ್ಲಿ, ಮ್ಯಾನೇಜರ ಚೌಕದ ಬಲಕ್ಕೆ.

ಜೇಬಿನಲ್ಲಿದ್ದದ್ದು ಗುರುತಿನ ಪೆನ್ನು. ಹದಿನೇಳು ವರ್ಷ ಚೌಕ ಬರೆದ ಕೈ. ಯೋಚಿಸುವುದಕ್ಕೆ ಮೊದಲೇ ನಾಲ್ಕು ಗೆರೆ ಎಳೆದು ಮುಗಿಸಿತ್ತು. ಅದನ್ನು ಯಾವುದಕ್ಕಾದರೂ ಜೋಡಿಸಬೇಕಲ್ಲ? ಪಕ್ಕದಲ್ಲಿ ಮ್ಯಾನೇಜರನ್ನು ಬಿಟ್ಟರೆ ಯಾರೂ ಇಲ್ಲ. ಗಟ್ಟಿ ಗೆರೆ ಎಳೆಯಲು ಮನಸ್ಸಾಕ್ಷಿ ಒಪ್ಪಲಿಲ್ಲ. ಖಾತ್ರಿಯಿಲ್ಲದ್ದನ್ನು ಖಾತ್ರಿ ಎಂದು ಅವರು ಒಂದು ದಿಂಬಿನ ಚೀಲದ ಮೇಲೂ ಬರೆದವರಲ್ಲ. ಆದ್ದರಿಂದ ಪ್ರಾಮಾಣಿಕವಾಗಿ ಚುಕ್ಕೆ ಚುಕ್ಕೆಯ ಗೆರೆ ಹಾಕಿದರು. ಇನ್ನು ಒಳಗೆ ಹುದ್ದೆ ಬರೆಯಬೇಕು, ಅಷ್ಟರಲ್ಲಿ ಹಿಂದೆ ಅಟೆಂಡರನ ಚಪ್ಪಲಿ ಸದ್ದು. ಪೆನ್ನು ಬಚ್ಚಿಟ್ಟುಕೊಂಡು ಓಡಿದರು.

ಅಟೆಂಡರ್ ಅತ್ತ ಹೋದಮೇಲೆ ಮತ್ತೆ ಬಂದು ಎಂಜಲು ಹಚ್ಚಿ ಉಜ್ಜಿದರು. ಚೌಕ ಮಾಸಲಿಲ್ಲ, ಇನ್ನಷ್ಟು ಹೊಳೆಯಿತು. ಹತ್ತು ಸಲ ಕುದಿಸಿದರೂ ಹೋಗದ ಶಾಯಿ ಎಂದು ಊರಿಗೆಲ್ಲ ಹೇಳಿಕೊಂಡು ಬಂದವರು ಅವರೇ.

ಮರುದಿನ ಬೆಳಿಗ್ಗೆ ನಕ್ಷೆಯ ಮುಂದೆ ಜಾತ್ರೆ.

“ಈ ಖಾಲಿ ಚೌಕ ಮೊನ್ನೆ ಇರಲಿಲ್ಲ,” ಎಂದ ಡ್ರೈವರ್.

“ಇತ್ತು,” ಎಂದ ಅಟೆಂಡರ್ ತಟ್ಟನೆ. ನಕ್ಷೆ ಅಂಟಿಸಿದವನು ಅವನೇ. ಏನಾದರೂ ಹೆಚ್ಚುಕಡಿಮೆಯಾದರೆ ತನ್ನ ತಲೆಗೆ ಬರುತ್ತದೆಂಬುದು ಅವನಿಗೆ ಗೊತ್ತಿತ್ತು. “ಮೊದಲಿಂದಲೂ ಇತ್ತು. ನಿಮಗೆ ಕಣ್ಣಿಲ್ಲ ಅಷ್ಟೇ.”

“ಚುಕ್ಕೆ ಗೆರೆ ಯಾಕೆ ಮತ್ತೆ?”

ಇಸ್ತ್ರಿಯಕ್ಕ ಸೆರಗಿನಿಂದ ಬೆವರೊರೆಸಿಕೊಂಡು ಹತ್ತಿರ ಬಂದು ನೋಡಿದಳು. “ಬಟ್ಟೆ ಮೇಲಾದ್ರೆ ಚುಕ್ಕೆ ಅಂದ್ರೆ ಅನುಮಾನ.”

“ಕಾಗದದ ಮೇಲಾದ್ರೆ?”

“ಅನುಮಾನ ಅನುಮಾನವೇ ಕಣೋ. ಮ್ಯಾನೇಜರ್ ಕಡೆಗೆ ಹೋಗಿದೆ ನೋಡು ಗೆರೆ. ಮ್ಯಾನೇಜರ್ ಮೇಲೆ ಅನುಮಾನ!”

ಈ ಮಾತು ಮುಗಿಯುವಾಗ ಮ್ಯಾನೇಜರು ಆಕೆಯ ಹಿಂದೆಯೇ ನಿಂತಿದ್ದರು. ಅವರ ಮುಖ ಎರಡು ಸಲ ಬ್ಲೀಚ್ ಮಾಡಿದ ಚಾದರದಂತಾಯಿತು. “ಇದು... ಇದು ಯಾವಾಗಿಂದ ಇದೆ?”

“ಮೇಲಿಂದ ಬಂದಾಗಿಂದ, ಸಾರ್,” ಎಂದ ಅಟೆಂಡರ್.

ಮ್ಯಾನೇಜರು ಕೋಣೆಗೆ ಹೋಗಿ ಕೇಂದ್ರ ಕಚೇರಿಗೆ ಫೋನು ಮಾಡಲು ರಿಸೀವರ್ ಎತ್ತಿದರು. ಇಟ್ಟರು. ಮತ್ತೆ ಎತ್ತಿದರು. ಮತ್ತೆ ಇಟ್ಟರು. ತನ್ನ ಮೇಲೆ ಕಣ್ಣಿಡಲು ಒಬ್ಬರನ್ನು ಕೂರಿಸಿದ್ದಾರೆ, ಯಾರನ್ನು ಎಂದು ಕೇಳಿದರೆ ತನಗೆ ಗೊತ್ತಿಲ್ಲ ಎಂಬುದು ಅವರಿಗೆ ಗೊತ್ತಾಗಿಬಿಡುತ್ತದೆ. ತನ್ನ ಶಾಖೆಯಲ್ಲಿ ಏನಿದೆಯೆಂದೇ ಗೊತ್ತಿಲ್ಲದ ಮ್ಯಾನೇಜರನ್ನು ಯಾರು ಇಟ್ಟುಕೊಳ್ಳುತ್ತಾರೆ? ಕೊನೆಗೆ, ಚೌಕವನ್ನೂ ಚುಕ್ಕೆಗಳನ್ನೂ ಇದ್ದದ್ದು ಇದ್ದ ಹಾಗೆ ನಕಲು ಮಾಡಿಸಿ, ‘ನಮ್ಮ ಶಾಖೆಯ ಅಂತಿಮ ನಕ್ಷೆ’ ಎಂದು ಸಹಿ ಹಾಕಿ ಕೇಂದ್ರ ಕಚೇರಿಗೆ ಕಳಿಸಿಬಿಟ್ಟರು.

ಅಂದಿನಿಂದ ಆ ಲಾಂಡ್ರಿ ಹಿಂದೆಂದೂ ಕಾಣದಂಥ ಕೆಲಸ ಕಂಡಿತು. ಚಹಾಕ್ಕೆ ಹೋದವರು ಲೋಟ ಹಿಡಿದೇ ಓಡಿ ಬರುತ್ತಿದ್ದರು. ಒಗೆಯುವವರು ಹಾಡುವುದನ್ನು ಬಿಟ್ಟರು. ವ್ಯಾನು ಸಮಯಕ್ಕೆ ಮೊದಲೇ ಹೊರಡತೊಡಗಿತು. ಹೇಳಿದ ದಿನವೇ ಚಾದರ ತಂದುಕೊಟ್ಟರೆ ಇಡುವುದೆಲ್ಲಿ, ನಮಗೆ ಮುನ್ಸೂಚನೆ ಬೇಡವೇ ಎಂದು ಸೇತುವೆ ಪಕ್ಕದ ಹೋಟೆಲಿನವರು ಫೋನು ಮಾಡಿ ಜಗಳವಾಡಿದರು. ಸೇವೆಯನ್ನು ಚುರುಕುಗೊಳಿಸಲು ಸಲಹೆಗಾರ ಎರಡು ದಿನ ಬಣ್ಣಬಣ್ಣದ ಚೀಟಿ ಅಂಟಿಸಿದರೂ ಆಗದೇ ಇದ್ದದ್ದನ್ನು ನಾಲ್ಕು ಗೆರೆ ಮಾಡಿದ್ದವು. ಆದರೆ ಯಾರ ಮುಖದಲ್ಲೂ ರಕ್ತವಿರಲಿಲ್ಲ.

ಯಾರಿರಬಹುದು ಆ ಚೌಕದಲ್ಲಿ? ಈ ಪ್ರಶ್ನೆಗೆ ಉತ್ತರ ಕಂಡುಹಿಡಿದವನು ಡ್ರೈವರ್. ಮಧ್ಯಾಹ್ನದ ಊಟದಲ್ಲಿ ತುತ್ತು ಬಾಯಿಗೆ ಹೋಗುವ ಮೊದಲೇ ಅವನ ಕೈ ನಿಂತಿತು.

“ಅಕ್ಕಾ... ನಾವೆಲ್ಲ ನಕ್ಷೆಯಲ್ಲಿ ಇದ್ದೀವಿ. ಇಲ್ಲದೇ ಇರೋದು ಒಬ್ಬರೇ.”

“ಪಾಪ, ಗುಮಾಸ್ತರು. ಅವರು ಹೋಗ್ತಾರಲ್ಲ.”

“ಹೋಗೋರು ಅಂತ ಯಾರು ಹೇಳಿದ್ರು? ಮದುವೆ ಫೋಟೋದಲ್ಲಿ ಯಾರು ಇರಲ್ಲ ಹೇಳು.”

“ಯಾರು?”

“ಫೋಟೋ ತೆಗೆದವನು!”

ಇಸ್ತ್ರಿಯಕ್ಕನ ಡಬ್ಬಿಯ ಮುಚ್ಚಳ ಕೆಳಗೆ ಬಿತ್ತು. ಹದಿನೇಳು ವರ್ಷ ಬಾಗಿಲು ಹಾಕಿಕೊಂಡು ಕೂತ ಮನುಷ್ಯ. ಬಟ್ಟೆ ನೋಡಿ ಬಟ್ಟೆಯವರ ಜಾತಕ ಹೇಳುವ ಮನುಷ್ಯ. ಯಾರ ಚಾದರ, ಯಾರ ಕಲೆ, ಯಾರು ಸರಿಯಾಗಿ ಒಗೆದಿಲ್ಲ, ಯಾರು ಇಸ್ತ್ರಿಯಲ್ಲಿ ಸುಟ್ಟಿದ್ದಾರೆ, ಎಲ್ಲ ಆ ಕೋಣೆಗೇ ಹೋಗುತ್ತಿತ್ತಲ್ಲ! “ಅಯ್ಯೋ ದೇವರೇ,” ಎಂದಳು ಆಕೆ. “ನಾನು ಅವರ ಕುರ್ಚಿ ಕೇಳಿದೆನಲ್ಲೋ!”

“ನೀನು ಕೇಳಿದ್ದು ಅಷ್ಟೇ. ನಾನು ಫ್ಯಾನು ಬಿಚ್ಕೊಂಡೇ ಹೋದೆ!”

ಮರುದಿನ ಗುಮಾಸ್ತರು ಊಟ ಮುಗಿಸಿ ಕೋಣೆಗೆ ಬಂದಾಗ ಫ್ಯಾನು ಮೇಜಿನ ಮೇಲೆ ತಿರುಗುತ್ತಿತ್ತು. ರೆಕ್ಕೆಗೆ ಎಣ್ಣೆ ಹಾಕಿ ಒರೆಸಿದ್ದರು. ಹಳೆಯ ಕುರ್ಚಿಯ ಮೇಲೆ ಹೊಸ ಮೆತ್ತೆ. ಅನಾಥ ಬಟ್ಟೆಯ ಗಂಟನ್ನು ಬಾಗಿಲಿನಿಂದಲೇ ಎಸೆಯುತ್ತಿದ್ದ ಇಸ್ತ್ರಿಯಕ್ಕ ಅವುಗಳನ್ನು ಮಡಿಸಿ, ಇಸ್ತ್ರಿ ಮಾಡಿ, ಎರಡೂ ಕೈಯಲ್ಲಿ ಹಿಡಿದು ಹೊಸ್ತಿಲಾಚೆ ನಿಂತಿದ್ದಳು.

“ಒಳಗೆ ಬರಬಹುದಾ, ಸಾರ್?”

“ಯಾರಮ್ಮ ಸಾರು?” ಗುಮಾಸ್ತರು ಹಿಂದೆ ತಿರುಗಿ ನೋಡಿದರು. ಹಿಂದೆ ಗೋಡೆಯಿತ್ತು. ಹದಿನೇಳು ವರ್ಷ ಅವರನ್ನು ಅಣ್ಣ ಎಂದವಳು ಈಕೆ.

ಸುದ್ದಿ ಅವರಿಗಿಂತ ಮೊದಲೇ ಮನೆ ತಲುಪಿತ್ತು. ಎದುರುಮನೆಯ ನಿವೃತ್ತ ಮೇಷ್ಟ್ರು, ಈವರೆಗೆ ಗುಮಾಸ್ತರನ್ನು ಕಂಡರೂ ಕಾಣದಂತೆ ಪೇಪರು ಓದುತ್ತಿದ್ದವರು, ಪೇಪರು ಮಡಿಸಿ ಎದ್ದು ನಿಂತು ಕೈಮುಗಿದರು. ಒಳಗೆ ಹೆಂಡತಿಯ ತಮ್ಮ ಕುರ್ಚಿಯ ತುದಿಯಲ್ಲಿ ಕೂತಿದ್ದ.

“ಭಾವ, ಮೊನ್ನೆ ನಾಯಿ ಅಂದೆನಲ್ಲ, ಅದು... ನಾಯಿ ಎಷ್ಟು ನಿಯತ್ತಿನ ಪ್ರಾಣಿ! ಆ ಅರ್ಥದಲ್ಲಿ ಹೇಳಿದ್ದು. ನೀವು ಬೇರೆ ಅರ್ಥ ಮಾಡ್ಕೊಂಡಿಲ್ಲ ತಾನೇ?”

ಆತ ಹೋದಮೇಲೆ ಗುಮಾಸ್ತರು ಹೆಂಡತಿಯೆದುರು ಎಲ್ಲವನ್ನೂ ಬಾಯಿಬಿಟ್ಟರು. ಚೌಕ, ಚುಕ್ಕೆ, ಪೆನ್ನು, ಎಂಜಲು, ಒಂದೂ ಮುಚ್ಚಿಡಲಿಲ್ಲ. ಅವಳು ಮೊದಲು ನಕ್ಕಳು. ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಆಮೇಲೆ ಎದ್ದು ಬಾಗಿಲ ಚಿಲಕ ಹಾಕಿ ಬಂದಳು.

“ರೀ, ಕಚೇರಿ ಕಾಗದ ತಿದ್ದಿದ್ರೆ ಅದು ತಪ್ಪಲ್ವಾ? ಪೊಲೀಸು, ಜೈಲು ಅಂತ ಏನಾದ್ರೂ...”

ಅಲ್ಲಿಯವರೆಗೆ ಗುಮಾಸ್ತರು ಕೆಲಸ ಹೋಗುತ್ತದೆಂದು ಮಾತ್ರ ಹೆದರಿದ್ದರು. ಜೈಲಿನ ಕಡೆಗೆ ಅವರ ಭಯ ಇನ್ನೂ ಕಾಲಿಟ್ಟಿರಲಿಲ್ಲ. ಈಗ ಧಾರಾಳವಾಗಿ ಇಟ್ಟಿತು.

ಬೆಳಗಾದದ್ದೇ ತಡ, ಅವರು ನೇರ ಮ್ಯಾನೇಜರ ಕೋಣೆಗೆ ಹೋದರು. ಮ್ಯಾನೇಜರು ತಟ್ಟನೆ ಎದ್ದು ನಿಂತರು. ಗುಮಾಸ್ತರೂ ನಿಂತೇ ಇದ್ದರು. ಯಾರು ಮೊದಲು ಕೂರಬೇಕೆಂದು ಗೊತ್ತಾಗದೆ ಇಬ್ಬರೂ ನಿಂತೇ ಮಾತಾಡಿದರು.

“ಸಾರ್, ತಪ್ಪೊಪ್ಪಿಕೊಳ್ಳೋಕೆ ಬಂದಿದ್ದೀನಿ.”

“ನಾನೇನು ತಪ್ಪು ಮಾಡಿದೆ, ಸಾರ್?” ಎಂದರು ಮ್ಯಾನೇಜರು.

“ನೀವಲ್ಲ ಸಾರ್, ನಾನು! ಆ ಚೌಕ ಮೇಲಿಂದ ಬಂದದ್ದಲ್ಲ. ನಾನೇ ಬರೆದದ್ದು.”

“ನೀವೇ ಬರೆದದ್ದು,” ಎಂದು ಮ್ಯಾನೇಜರು ನಿಧಾನವಾಗಿ ಹೇಳಿದರು. “ಅಂದ್ರೆ ನಕ್ಷೆ ಬರೆಯೋ ಅಧಿಕಾರ ಇರೋರು ನೀವೇ.”

“ಅಧಿಕಾರ ಎಲ್ಲಿಂದ ಬರಬೇಕು ಸಾರ್! ಕೆಳಗೆ ಜಾಗ ಇರಲಿಲ್ಲ ಅಂತ ಮೇಲೆ ಬರೆದೆ.”

“ಅರ್ಥ ಆಯ್ತು, ಸಾರ್. ನನ್ನನ್ನ ಪರೀಕ್ಷೆ ಮಾಡ್ತಿದ್ದೀರಿ. ನಾನು ನಂಬಿ ಆ ನಕ್ಷೆ ಹರಿದು ಹಾಕ್ತೀನೋ ಇಲ್ವೋ ಅಂತ. ಹರಿಯಲ್ಲ ಸಾರ್, ಪ್ರಾಣ ಹೋದ್ರೂ ಹರಿಯಲ್ಲ.”

ಗುಮಾಸ್ತರಿಗೆ ಅಳು ಬರುವ ಹಾಗಾಯಿತು. ಹೇಗಾದರೂ ನಂಬಿಸಬೇಕು. ಮೇಜಿನ ಮೇಲೆ ಮ್ಯಾನೇಜರ ಬಿಳಿ ಕರವಸ್ತ್ರವಿತ್ತು. ಅದನ್ನೆಳೆದುಕೊಂಡು ಪೆನ್ನು ತೆಗೆದು ಮೂಲೆಯಲ್ಲಿ ಚಕಚಕನೆ ಒಂದು ಚೌಕ, ಪಕ್ಕಕ್ಕೆ ಚುಕ್ಕೆ ಗೆರೆ ಬರೆದು ಮುಂದೆ ಹಿಡಿದರು. “ನೋಡಿ ಸಾರ್, ಇದೇ ಕೈ! ಇದೇ ಶಾಯಿ!”

ಮ್ಯಾನೇಜರು ಕರವಸ್ತ್ರ ನೋಡಿದರು. ಚುಕ್ಕೆ ನೋಡಿದರು. ಹಾಗೇ ಕುರ್ಚಿಗೆ ಕುಸಿದರು. “ಬಂದು ಇನ್ನೂ ತಿಂಗಳಾಗಿಲ್ಲ, ಸಾರ್,” ಎಂದರು ಕ್ಷೀಣ ದನಿಯಲ್ಲಿ. “ಆಗಲೇ ನನಗೆ ಗುರುತು ಹಾಕಿಬಿಟ್ರಾ?”

ಇಪ್ಪತ್ತೈದನೆಯ ತಾರೀಕು ಕೇಂದ್ರ ಕಚೇರಿಯಿಂದ ಮೇಡಂ ಒಬ್ಬರು ಬಂದರು. ದಪ್ಪ ಕನ್ನಡಕ, ಕಂಕುಳಲ್ಲಿ ಫೈಲು, ನಡಿಗೆಯಲ್ಲಿ ಅವಸರ. ಪ್ರತಿ ಚೌಕದ ಕೆಲಸವೇನೆಂದು ಒಂದು ಫಾರಂ ತುಂಬುವುದು ಅವರ ಕೆಲಸ. ಆ ಫಾರಮುಗಳನ್ನು ನೋಡಿಯೇ ಯಾವ ಹುದ್ದೆ ತೆಗೆಯಬೇಕೆಂದು ಮೇಲಿನವರು ತೀರ್ಮಾನಿಸುವುದು. ಇಡೀ ಲಾಂಡ್ರಿ ಹಾಲಿನಲ್ಲಿ ಸಾಲಾಗಿ ನಿಂತಿತು. ಬಾಯ್ಲರ್ ಕೂಡ ಅಂದು ಕಡಿಮೆ ಸದ್ದು ಮಾಡಿತೆಂದು ಅಟೆಂಡರ್ ಆಮೇಲೆ ಹೇಳುತ್ತಿದ್ದ.

ಒಬ್ಬೊಬ್ಬರೂ ತಮ್ಮ ಕೆಲಸವನ್ನು ಪುರಾಣದಷ್ಟು ಉದ್ದ ಹೇಳಿದರು. ಗೇಟನ್ನು ತೆಗೆಯುವುದೇ ಬೇರೆ, ಹಾಕುವುದೇ ಬೇರೆ, ಎರಡಕ್ಕೂ ಬೇಕಾದ ಕೌಶಲ ಬೇರೆ ಬೇರೆ ಎಂದು ವಾಚ್‌ಮನ್ ಹತ್ತು ನಿಮಿಷ ವಿವರಿಸಿದ. ಕೊನೆಗೆ ಮೇಡಂ ನಕ್ಷೆಯ ನೆತ್ತಿಗೆ ಬೆರಳಿಟ್ಟರು.

“ಮ್ಯಾನೇಜರ್ ಬಲಕ್ಕೆ ಇರೋ ಈ ಚೌಕ ಯಾರದು?”

ಇಪ್ಪತ್ಮೂರು ಜನರ ಕಣ್ಣು ಒಂದೇ ಕಡೆ ಹೊರಳಿತು. ಗುಮಾಸ್ತರು ತಾವೇ ಮುಂದೆ ಬಂದರು. ಜೈಲಾದರೆ ಜೈಲು, ಹೇಳಿಬಿಡುವುದೇ ಎಂದು ಮನಸ್ಸು ಗಟ್ಟಿ ಮಾಡಿಕೊಂಡಿದ್ದರು.

“ಏನು ಕೆಲಸ ಈ ಹುದ್ದೆಯದು?”

“ಈ ಚೌಕಕ್ಕೆ ಏನೂ ಕೆಲಸ ಇಲ್ಲ, ಮೇಡಂ. ಇದು ಅಸಲಿಗೆ...”

“ಒಂದು ನಿಮಿಷ.” ಮೇಡಂ ಬರೆದುಕೊಂಡರು: ‘ಏನೂ ಕೆಲಸ ಇಲ್ಲ.’

“ಇದು ಅಸಲಿಗೆ ಇರಲೇ ಇಲ್ಲ, ಮೇಡಂ. ನಾನು ಆವತ್ತು ಊಟದ ಹೊತ್ತಿನಲ್ಲಿ...”

“ಸಾಕು,” ಎಂದರು ಮೇಡಂ, ಪೆನ್ನಿನ ಮುಚ್ಚಳ ಹಾಕುತ್ತ. “ಫಾರಮ್ಮಲ್ಲಿ ಒಂದೇ ಸಾಲಿಗೆ ಜಾಗ ಇರೋದು. ಇನ್ನೂ ಎರಡು ಶಾಖೆ ನೋಡಬೇಕು ನಾನು.”

ಮೇಡಂ ಗೇಟು ದಾಟಿದರು. “ಎಂಥ ಗುಂಡಿಗೆ ನೋಡಿದ್ರಾ,” ಎಂದು ಡ್ರೈವರ್ ಪಿಸುಗುಟ್ಟಿದ. “ಕೇಂದ್ರ ಕಚೇರಿಯವರ ಮುಖಕ್ಕೇ ಕೆಲಸ ಇಲ್ಲ ಅಂದ್ರು! ಎಷ್ಟು ದೊಡ್ಡವರಿರಬೇಕು!”

ಒಂದನೇ ತಾರೀಕು ಬಂದೇ ಬಂತು. ಹನ್ನೊಂದು ಗಂಟೆಗೆ ಅಟೆಂಡರ್ ಟ್ರೇ ಮೇಲೆ ಒಂದು ಲಕೋಟೆ ಇಟ್ಟುಕೊಂಡು ಹಾಲಿಗೆ ಬಂದ. ಯಾರ ಹೆಸರಿಗೆ? ಹೆಸರಿರಲಿಲ್ಲ. ‘ಮ್ಯಾನೇಜರ ಬಲಗಡೆಯ ಚೌಕದವರಿಗೆ’ ಎಂದಿತ್ತು. ಗುಮಾಸ್ತರು ಒಡೆದರು. ಕಣ್ಣು ಮಂಜಾಗಿ ಅಕ್ಷರಗಳು ಒಂದರ ಮೇಲೊಂದು ಹತ್ತಿ ಕೂತವು. ಇಸ್ತ್ರಿಯಕ್ಕನ ಕೈಗೆ ಕೊಟ್ಟರು. ಆಕೆ ಗಟ್ಟಿಯಾಗಿ ಓದಿದಳು:

‘ನಿಮ್ಮ ಶಾಖೆಯ ನಕ್ಷೆಯಲ್ಲಿ ಮ್ಯಾನೇಜರ ಚೌಕದ ಬಲಕ್ಕೆ ಚುಕ್ಕೆ ಗೆರೆಯಿಂದ ಜೋಡಿಸಿದ ಹುದ್ದೆಗೆ ಯಾವ ಕೆಲಸವೂ ಇಲ್ಲವೆಂದು ಕಂಡುಬಂದಿದೆ. ಆ ಹುದ್ದೆಯನ್ನು ಇಂದಿನಿಂದ ರದ್ದುಪಡಿಸಲಾಗಿದೆ. ಇಲ್ಲಿಗೆ ನಿಮ್ಮ ಶಾಖೆಯ ಕಡಿತ ಪೂರ್ಣಗೊಂಡಿತು. ಇನ್ನಾವ ಹುದ್ದೆಯನ್ನೂ ತೆಗೆಯುವುದಿಲ್ಲ. ಹುದ್ದೆಯಲ್ಲಿದ್ದವರ ಸೇವೆಗೆ ಧನ್ಯವಾದಗಳು.’

ಮೊದಲು ಉಸಿರು ಬಿಟ್ಟದ್ದು ಬಾಯ್ಲರಿನವನೋ ವಾಚ್‌ಮನ್ನನೋ, ಖಚಿತವಾಗಿ ಹೇಳಲಾಗದು. ಆಮೇಲೆ ಎಲ್ಲರೂ ಒಟ್ಟಿಗೆ ಬಿಟ್ಟರು. ಯಾರೋ ಅತ್ತರು, ಯಾರೋ ಅಪ್ಪಿಕೊಂಡರು. ಮ್ಯಾನೇಜರು ಮಡಿಸುವ ಮೇಜಿಗೆ ಕೈಯೂರಿ ನಿಂತು, ಹತ್ತೇ ನಿಮಿಷದಲ್ಲಿ ಬೀಳ್ಕೊಡುಗೆ ಭಾಷಣ ಶುರುಮಾಡಿದರು. “ಇವರು ನಮ್ಮ ನಡುವೆ ಇದ್ದದ್ದು ಬರೀ ಮೂರು ವಾರ. ಆದರೆ ಆ ಮೂರು ವಾರದಲ್ಲಿ ನಾವು ಕಂಡ ಬದಲಾವಣೆ...” ಆನಂದದಲ್ಲಿ ಮುಂದಿನದನ್ನು ಮರೆತು ಬಿಸ್ಕತ್ತಿನ ತಟ್ಟೆ ಮುಂದೆ ಚಾಚಿದರು. ಹದಿನೇಳು ವರ್ಷ ಅಲ್ಲೇ ಕೂತಿದ್ದವರನ್ನು ಮೂರು ವಾರದವರೆಂದು ಬೀಳ್ಕೊಟ್ಟರೂ ಯಾರಿಗೂ ಅದು ತಪ್ಪೆನಿಸಲಿಲ್ಲ. ಗುಮಾಸ್ತರಿಗೂ ಅನಿಸಲಿಲ್ಲ. ಅವರು ಬಿಸ್ಕತ್ತು ತಿಂದು, ಕಾಗದ ಮಡಿಸಿಕೊಂಡು, ನಡುಮಧ್ಯಾಹ್ನವೇ ಮನೆಗೆ ಬಂದು ಗೋಡೆಗೊರಗಿ ಕೂತರು.

“ಹೋಯ್ತು ಕಣೇ.”

ಹೆಂಡತಿ ಕಾಗದವನ್ನು ಎರಡು ಸಲ ಓದಿದಳು. “ಇದು ನಿಮಗೆ ಬಂದ ಕಾಗದ ಅಲ್ವಲ್ಲರೀ. ಚೌಕಕ್ಕೆ ಬಂದದ್ದು.”

“ಚೌಕ ಅಂದ್ರೆ ನಾನೇ ತಾನೇ?”

“ನೀವು ಯಾವಾಗ ಅದರೊಳಗೆ ಇದ್ರಿ? ಖಾಲಿ ಇತ್ತು ಅಂತ ನೀವೇ ಹೇಳಿದ್ರಿ. ಏನೂ ಬರೆಯೋಕೆ ಮೊದಲೇ ಓಡಿಬಂದೆ ಅಂದ್ರಿ.”

“ಹೌದು...”

“ಮತ್ತೆ? ತೆಗೆದದ್ದು ಖಾಲಿ ಚೌಕಾನ. ಇನ್ನಾರನ್ನೂ ತೆಗೆಯಲ್ಲ ಅಂತಾನೂ ಬರೆದಿದ್ದಾರೆ.”

“ಹಾಗಾದ್ರೆ ನಾನೆಲ್ಲಿದ್ದೀನಿ?”

“ಎಲ್ಲೂ ಇಲ್ಲ. ಎಲ್ಲೂ ಇಲ್ಲದವರನ್ನ ತೆಗೆಯೋದು ಹೇಗೆ? ನಾಳೆ ಎಂಟಕ್ಕೆ ಡಬ್ಬಿ ಕಟ್ಟಿಕೊಡ್ತೀನಿ, ಸುಮ್ನೆ ಹೋಗಿ ಕೂತ್ಕೊಳ್ಳಿ.”

ಮರುದಿನ ಎಂಟಕ್ಕೆ ಗುಮಾಸ್ತರು ಗೇಟಿನ ಬಳಿ ಬಂದರು. ಅವರನ್ನು ತಡೆಯಬೇಕೆಂದು ವಾಚ್‌ಮನ್ನನಿಗೆ ಯಾರೂ ಹೇಳಿರಲಿಲ್ಲ. ಅವನು ತಡೆಯಲಿಲ್ಲ. ಹಾಜರಿ ಪುಸ್ತಕವನ್ನು ವರ್ಷದ ಆರಂಭದಲ್ಲೇ ಗೆರೆ ಹಾಕಿ ಇಟ್ಟಿದ್ದರು, ಅವರ ಸಾಲು ಇದ್ದಲ್ಲೇ ಇತ್ತು. ಸಹಿ ಹಾಕಿದರು. ಕಿರುಕೋಣೆಗೆ ಹೋಗಿ ಬಲ್ಬು ಹಾಕಿ ಕೂತರು.

ಬಾಗಿಲಲ್ಲಿ ಇಸ್ತ್ರಿಯಕ್ಕ ಕಾಣಿಸಿದಳು. ಕಣ್ಣು ಕಿರಿದು ಮಾಡಿ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಚೌಕ ಹೋಗಿತ್ತು. ಉಳಿದದ್ದು ಬಾಗಿದ ಸೊಂಟ, ಶಾಯಿ ಹತ್ತಿದ ಹೆಬ್ಬೆರಳು. ಅಷ್ಟೇ ಸಾಕಾಯಿತು ಅವಳಿಗೆ. ಗಂಟನ್ನು ಎತ್ತಿ ಬಾಗಿಲಿನಿಂದಲೇ ಎಸೆದಳು. ಅದು ಬಂದು ಅವರ ಮುಖಕ್ಕೇ ಬಡಿಯಿತು.

“ಅಣ್ಣಾ, ಆ ಸಾರ್ ಇದ್ದಾಗ ಕೊಡೋಕೆ ಹೆದರಿ ಮೂರು ವಾರದ್ದು ಹಾಗೇ ಬಿದ್ದಿದೆ. ಬೇಗ ಬೇಗ ನೋಡಿ. ಕಣ್ಣಾಸ್ಪತ್ರೆಯವರು ಬೈತಿದ್ದಾರೆ.”

ಗುಮಾಸ್ತರು ಚಾದರದೊಳಗೆ ಮುಖ ಮುಚ್ಚಿಕೊಂಡೇ ಒಂದು ನಿಮಿಷ ಕೂತರು. ಹೊರತೆಗೆದಾಗ ಎದುರಿಗೆ ಮ್ಯಾನೇಜರು ನಿಂತಿದ್ದರು. ಯಾರೋ ಹೇಳಿದ್ದನ್ನು ಕೇಳಿ ಓಡಿ ಬಂದಿದ್ದರೆಂದು ತೋರುತ್ತದೆ, ಏದುಸಿರು ಬಿಡುತ್ತಿದ್ದರು.

“ಮತ್ತೆ... ಮತ್ತೆ ಬಂದ್ರಾ, ಸಾರ್?”

“ಬಂದೆ, ಸಾರ್.”

“ಈಗ ಯಾವ ಹುದ್ದೆಯಲ್ಲಿ?”

ಗುಮಾಸ್ತರು ಯೋಚಿಸಿದರು. ಸುಳ್ಳು ಹೇಳಿ ಅವರಿಗೆ ಅಭ್ಯಾಸವಿರಲಿಲ್ಲ. “ಹುದ್ದೆ ಅಂತ ಏನಿಲ್ಲ ಸಾರ್,” ಎಂದರು. “ನಾನು ಬರೀ ಇದ್ದೀನಿ.”

ಮ್ಯಾನೇಜರು ಹಿಮ್ಮುಖವಾಗಿಯೇ ನಡೆದು ಹೊಸ್ತಿಲು ದಾಟಿ, ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡರು. ಇದರ ಅರ್ಥವೇನೆಂದು ಕೇಂದ್ರ ಕಚೇರಿಗೆ ಫೋನು ಮಾಡಿ ಕೇಳುವ ಧೈರ್ಯ ಅವರಿಗೆ ಅಂದೂ ಬರಲಿಲ್ಲ, ನಿವೃತ್ತರಾಗುವವರೆಗೂ ಬರಲಿಲ್ಲ.